ಕಿಟಕಿ ಬದಲಿಸುವ ಮುಂಚೆ ಅಟ್ಟ ಹತ್ತಿ ನೋಡು

ಸಂಧ್ಯಾ,

ನೀನು ಕಳಿಸಿದ ಕೊಟೇಶನ್ ಓದಿದೆ. ಹದಿನೈದು ಕಿಟಕಿಗೆ 15,000 ಡಾಲರ್. ಗ್ಯಾಸ್ ಬಿಲ್ಲಿನ ಉಳಿತಾಯದಲ್ಲೇ ಆ ದುಡ್ಡು ವಾಪಸ್ ಬರುತ್ತದೆ ಎಂಬ ಮಾತು ನಂಬಿ ಸಹಿ ಹಾಕಬೇಡ. ಷಿಕಾಗೊದಲ್ಲಿ ಹಳೇ ಇಟ್ಟಿಗೆ ಬಂಗಲೆ ಕೊಂಡ ನಮ್ಮ ಹುಡುಗರ ಮನೆಬಾಗಿಲಿಗೆಲ್ಲ ಇದೇ ಮಾತು ಬರುತ್ತಿದೆ. ಆದ್ದರಿಂದ ಈ ಪತ್ರವನ್ನು ಅವರಿಗೂ ತೋರಿಸು.

2012ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಐದು ಕಿಟಕಿ ಕಂಪನಿಗಳ ಮೇಲೆ ಕ್ರಮ ಕೈಗೊಂಡಿತು. ಹೊಸ ಕಿಟಕಿ ಹಾಕಿಸಿದರೆ ಶೇ. 40, ಶೇ. 50ರಷ್ಟು ಖರ್ಚು ಉಳಿಯುತ್ತದೆ ಎಂದು ತಕ್ಕ ಪುರಾವೆ ಇಲ್ಲದೆ ಪ್ರಚಾರ ಮಾಡಿದ್ದರೆಂಬುದು ಆರೋಪ. ಮನೆಯನ್ನು ಬೆಚ್ಚಗೆ, ತಂಪಾಗಿ ಇಡಲು ಆಗುವ ಖರ್ಚಿನಲ್ಲಿ ಕಿಟಕಿಗಳ ಪಾಲು ಶೇ. 25ರಿಂದ 30 ಎಂದು ಅಲ್ಲಿನ ಇಂಧನ ಇಲಾಖೆಯೇ ಹೇಳುತ್ತದೆ. ಇಡೀ ಪಾಲೇ ಮೂವತ್ತಾದರೆ ಐವತ್ತು ಉಳಿಯುವುದು ಎಲ್ಲಿಂದ?

ಲೆಕ್ಕ ನೀನೇ ಹಾಕಬಹುದು. ಕಿಟಕಿಯಿಂದ ಶಾಖ ಎಷ್ಟು ಸೋರುತ್ತದೆ ಎನ್ನುವ ಅಳತೆಗೆ ಯು-ಫ್ಯಾಕ್ಟರ್ ಅನ್ನುತ್ತಾರೆ. ಹೊಸ ಕಿಟಕಿಯ ಲೇಬಲ್ಲಿನಲ್ಲೇ ಬರೆದಿರುತ್ತದೆ, ಕಡಿಮೆ ಇದ್ದಷ್ಟೂ ಒಳ್ಳೆಯದು. ಒಂಟಿ ಗಾಜಿನ ಹಳೇ ಕಿಟಕಿಯದು ಹತ್ತಿರ ಹತ್ತಿರ 1. ಎರಡು ಗಾಜಿನ ನಡುವೆ ಆರ್ಗಾನ್ ಅನಿಲ ತುಂಬಿ, ಶಾಖ ತಡೆಯುವ ಲೋ-ಇ ಲೇಪ ಹಚ್ಚಿದ ಹೊಸದರದ್ದು 0.3. ಒಂದೊಂದು ಕಿಟಕಿ 15 ಚದರಡಿ ಎಂದಿಟ್ಟುಕೊಂಡರೂ ಷಿಕಾಗೊದ ಚಳಿಯಲ್ಲಿ ವರ್ಷಕ್ಕೆ ಉಳಿಯುವುದು ಹೆಚ್ಚುಕಡಿಮೆ 280 ಥರ್ಮ್ (ಬಿಲ್ಲಿನಲ್ಲಿ ಗ್ಯಾಸ್ ಅಳೆಯುವ ಮಾನ) ಗ್ಯಾಸ್. ಥರ್ಮಿಗೆ ಒಂದು ಡಾಲರ್ ಹಿಡಿದರೆ ಹಾಕಿದ ದುಡ್ಡು ಹುಟ್ಟಲು ಐವತ್ತು ವರ್ಷ ದಾಟುತ್ತದೆ. ಅಷ್ಟರಲ್ಲಿ ಆ ಗಾಜಿನ ಸೀಲು ಹೋಗಿ, ಒಳಗೆ ಮಂಜು ಕಟ್ಟಿ, ಇನ್ನೊಮ್ಮೆ ಬದಲಿಸುವ ಕಾಲ ಬಂದಿರುತ್ತದೆ.

ನಿನ್ನ ಮನೆಯಲ್ಲಂತೂ ಅಷ್ಟೂ ಉಳಿಯುವುದಿಲ್ಲ. ಫೋಟೋದಲ್ಲಿ ನೋಡಿದೆ, ಹೊರಗಡೆ ಸ್ಟಾರ್ಮ್ ವಿಂಡೋ, ಅಂದರೆ ಕಿಟಕಿಯ ಮೇಲೆ ಇನ್ನೊಂದು ಪದರದ ಕಿಟಕಿ, ಇವೆ. ಅವು ಸರಿಯಾಗಿ ಕೂತಿದ್ದರೆ ನಿನ್ನ ಕಿಟಕಿಯ ಅಳತೆ ಈಗಾಗಲೇ 0.5ರ ಆಸುಪಾಸಿಗೆ ಇಳಿದಿದೆ. ಅಲ್ಲಿಂದ 0.3ಕ್ಕೆ ಇಳಿಸಿದರೆ ವರ್ಷಕ್ಕೆ ಸಿಗುವುದು ಸುಮಾರು 80 ಡಾಲರ್, ಅಷ್ಟೇ. ನ್ಯಾಷನಲ್ ಟ್ರಸ್ಟ್ ಫಾರ್ ಹಿಸ್ಟಾರಿಕ್ ಪ್ರಿಸರ್ವೇಶನ್ ಸಂಸ್ಥೆ 2012ರಲ್ಲಿ ಷಿಕಾಗೊ ಸೇರಿ ಐದು ನಗರಗಳ ಲೆಕ್ಕ ತೆಗೆದು ಹೇಳಿದ್ದೂ ಇದನ್ನೇ: ಹಳೇ ಕಿಟಕಿ ದುರಸ್ತಿ ಮಾಡಿಸಿ ಸ್ಟಾರ್ಮ್ ವಿಂಡೋ, ಒಳ್ಳೆಯ ಪರದೆ ಹಾಕಿದರೆ ಹೊಸ ಕಿಟಕಿಯ ಉಳಿತಾಯದ ಹತ್ತಿರಕ್ಕೇ ಬರಬಹುದು, ಅದೂ ಎಷ್ಟೋ ಕಡಿಮೆ ಖರ್ಚಿನಲ್ಲಿ.

ಹಾಗಾದರೆ ಕಿಟಕಿ ಪಕ್ಕ ಕೂತರೆ ಚಳಿ ಹೊಡೆಯುತ್ತದಲ್ಲ ಅಂತ ಕೇಳುತ್ತೀಯ. ಗಾಳಿ ಜೋರಾಗಿರುವ ಒಂದು ದಿನ ಫರ್ನೇಸ್ ಆರಿಸಿ, ದೇವರ ಮುಂದಿನ ಊದುಬತ್ತಿ ಹಚ್ಚಿಕೊಂಡು, ಪರದೆಗೆ ತಾಗದ ಹಾಗೆ ಕಿಟಕಿಯ ಸುತ್ತ ನಿಧಾನವಾಗಿ ಹಿಡಿದುಕೊಂಡು ಹೋಗು. ಗಾಜಿನ ಮುಂದೆ ಹೊಗೆ ನೆಟ್ಟಗೆ ಏಳುತ್ತದೆ. ಚೌಕಟ್ಟಿನ ಮರ ಗೋಡೆಗೆ ಸೇರುವ ಕಡೆ, ಎರಡು ಪಡಕುಗಳು ಕೂಡುವ ಕಡೆ, ಹಗ್ಗ ರಾಟೆಯೊಳಗೆ ಹೋಗುವ ತೂತಿನ ಹತ್ತಿರ ಹೊಗೆ ತಟ್ಟನೆ ಅಡ್ಡ ಬೀಳುತ್ತದೆ. ನಿನ್ನ ಬಂಗಲೆಯಂಥ ಹಳೇ ಮನೆಗಳ ಕಿಟಕಿಗಳಲ್ಲಿ ಚೌಕಟ್ಟಿನ ಪಕ್ಕ ಟೊಳ್ಳು ಬಿಟ್ಟು, ಹಗ್ಗಕ್ಕೆ ಕಬ್ಬಿಣದ ಗುಂಡು ಇಳಿಬಿಟ್ಟಿರುತ್ತಾರೆ. ಚಳಿಗಾಳಿಗೆ ಆ ಟೊಳ್ಳೇ ದಾರಿ. ಇದಕ್ಕೆ ಬೇಕಾದದ್ದು ಸಂದು ತುಂಬುವ ಕಾಕ್ ಮತ್ತು ಅಂಚಿಗೆ ಹಚ್ಚುವ ವೆದರ್‌ಸ್ಟ್ರಿಪ್ ಪಟ್ಟಿ. ಒಂದು ಶನಿವಾರದಲ್ಲಿ ನಾಲ್ಕೈದು ಕಿಟಕಿ ಮುಗಿಯುತ್ತದೆ. ಆದರೆ 1978ಕ್ಕಿಂತ ಹಿಂದಿನ ಮನೆಯ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಮನೆಯಲ್ಲಿ ಕೂಸಿದೆ, ಹಳೇ ಬಣ್ಣ ಕೆರೆಯುವ, ಉಜ್ಜುವ ಕೆಲಸಕ್ಕೆ ನೀನು ಕೈ ಹಾಕಬೇಡ. ತರಬೇತಿ ಇದ್ದವರಿಗೇ ಬಿಡು.

ನಿಜವಾದ ಸೋರಿಕೆ ಮೇಲಿದೆ. ಬಿಸಿ ಗಾಳಿ ಏರಿ ಅಟ್ಟದ ಬಾಗಿಲಿನ ಸಂದು, ಚಿಮಣಿ, ಪೈಪು, ಸೀಲಿಂಗ್ ದೀಪಗಳ ಸುತ್ತಲಿನ ಬಿರುಕುಗಳಿಂದ ಹೊರಗೆ ಹೋಗುತ್ತದೆ. ಆ ಜಾಗ ತುಂಬಲು ಕೆಳಗಿನ ಸಂದುಗಳಿಂದ ತಣ್ಣನೆ ಗಾಳಿ ನುಗ್ಗುತ್ತದೆ. ಅಟ್ಟದ ಸಂದು ಮುಚ್ಚಿ, ಮೇಲೆ ಇನ್ಸುಲೇಶನ್ ಹಾಸಿದರೆ ಕಿಟಕಿಯ ಹತ್ತಿರದ ಚಳಿಯೂ ತಗ್ಗುತ್ತದೆ. ಸೋರುವ ಜಾಗ ಮುಚ್ಚಿ ಇನ್ಸುಲೇಶನ್ ಮಾಡಿಸಿದರೆ ಬಿಸಿ-ತಂಪಿನ ಖರ್ಚಿನಲ್ಲಿ ಸರಾಸರಿ ಶೇ. 15 ಉಳಿಯುತ್ತದೆಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು.

ಹಾಗಂತ ಯಾವ ಕಿಟಕಿಯನ್ನೂ ಬದಲಿಸಬೇಡ ಎನ್ನುತ್ತಿಲ್ಲ. ಮರ ಕೊಳೆತಿದ್ದರೆ, ಕಿಟಕಿ ತೆಗೆಯಲು ಬಾರದಿದ್ದರೆ, ರಸ್ತೆಯ ಗದ್ದಲಕ್ಕೆ ಕೂಸಿನ ನಿದ್ದೆ ಕೆಡುತ್ತಿದ್ದರೆ ಅಂಥವನ್ನು ಬದಲಿಸು. ಅದನ್ನು ನೆಮ್ಮದಿಯ ಖರ್ಚು ಅಂದುಕೋ. ಹೊಸ ಕಿಟಕಿಗೆ ಸಿಗುತ್ತಿದ್ದ 600 ಡಾಲರ್‌ವರೆಗಿನ ಫೆಡರಲ್ ತೆರಿಗೆ ವಿನಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ, ಅದನ್ನು ತೋರಿಸಿ ಯಾರಾದರೂ ಅವಸರ ಮಾಡಿದರೆ ಒಪ್ಪಬೇಡ. ಮೊದಲು ಬ್ಲೋವರ್ ಡೋರ್, ಅಂದರೆ ಬಾಗಿಲಿಗೆ ಕೂರಿಸುವ ಫ್ಯಾನ್, ಇಟ್ಟು ಮನೆಯ ಸೋರಿಕೆ ಪರೀಕ್ಷೆ ಮಾಡುವವರನ್ನು ಕರೆಸು. ವರದಿ ಬಂದ ದಿನವೇ ನನಗೆ ಕಳಿಸು, ಇಬ್ಬರೂ ಫೋನಿನಲ್ಲಿ ಕೂತು ಓದೋಣ.

ಇತಿ ನಿನ್ನ ಮಾವ