ಹಾಂಗ್‌ಕಾಂಗ್‌ನಲ್ಲಿ ಹಲಾಲ್ ಡಿಮ್ ಸಮ್: ಮೊದಲ ಸಲ ತಿನ್ನುವವರಿಗೆ ಕೈಪಿಡಿ

ಹಾಂಗ್‌ಕಾಂಗ್‌ಗೆ ಕೆಲಸಕ್ಕೋ ಪ್ರವಾಸಕ್ಕೋ ಹೋಗುವವರಿಗೆ ಎಲ್ಲರೂ ಹೇಳುವ ಮಾತು ಒಂದೇ: ಡಿಮ್ ಸಮ್ ತಿನ್ನದೆ ಬರಬೇಡಿ. ಬಿದಿರಿನ ಪುಟ್ಟ ಬುಟ್ಟಿಗಳಲ್ಲಿ ಹಬೆಯಾಡುತ್ತ ಬರುವ ಈ ತಿಂಡಿಗಳು ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಚಹಾ ಮನೆಗಳಲ್ಲಿ ಬೆಳೆದವು. ಬೆಳಿಗ್ಗೆ ಮನೆಮಂದಿ, ಗೆಳೆಯರು ಒಂದೇ ಮೇಜಿನ ಸುತ್ತ ಕೂತು ಚಹಾ ಕುಡಿಯುತ್ತ ಹಂಚಿಕೊಂಡು ತಿನ್ನುವುದು ಇದರ ಪದ್ಧತಿ. ಹಾಂಗ್‌ಕಾಂಗ್‌ನವರು ಇದನ್ನು ‘ಯಮ್ ಚಾ’ಕ್ಕೆ ಹೋಗುವುದು ಎನ್ನುತ್ತಾರೆ.

ಆದರೆ ಹಲಾಲ್ ಆಹಾರ ಮಾತ್ರ ತಿನ್ನುವವರಿಗೆ, ಹಂದಿ ಮಾಂಸ ಬೇಡವೆನ್ನುವ ಬೇರೆಯವರಿಗೂ, ಚಹಾ ಮನೆಯ ಬಾಗಿಲಲ್ಲೇ ಅಳುಕು ಶುರುವಾಗುತ್ತದೆ. ಬಹಳ ಮಂದಿ ಸಿಗಡಿಯ ಒಂದು ತಿಂಡಿ ಹೇಳಿ, ಅದನ್ನೂ ಅನುಮಾನದಿಂದಲೇ ತಿಂದು ಎದ್ದು ಬರುತ್ತಾರೆ. ಹೀಗೆ ತಿನ್ನಬೇಕಾಗಿಲ್ಲ. ಇಡೀ ಅಡುಗೆಮನೆಯೇ ಹಲಾಲ್ ಆಗಿರುವ ಸಾಧಾರಣ ಹೋಟೆಲುಗಳು ಅಲ್ಲಿವೆ. ಮೊದಲು ಹೋಟೆಲು ಆರಿಸಿ, ಆಮೇಲೆ ತಿಂಡಿ ಆರಿಸಿ. ಈ ಲೇಖನದ ಸಾರ ಇಷ್ಟೇ. ಉಳಿದದ್ದನ್ನು ಹಂತ ಹಂತವಾಗಿ ನೋಡೋಣ.

ಹಂತ 1: ಹಂದಿ ಎಲ್ಲೆಲ್ಲಿ ಅಡಗಿರುತ್ತದೆ ಎಂದು ತಿಳಿಯಿರಿ

‘ಹಂದಿ ಮಾಂಸ ಇಲ್ಲದ್ದು ಯಾವುದು?’ ಎಂದು ಕೇಳಿದರೆ ಸಾಮಾನ್ಯ ಚಹಾ ಮನೆಯವರು ನಾಲ್ಕೈದು ತಿಂಡಿಗಳನ್ನು ತೋರಿಸಬಹುದು. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಹೂರಣದಲ್ಲಿ ಮಾಂಸ ಇದೆಯೇ ಇಲ್ಲವೇ ಎಂದಷ್ಟೇ ಅವರು ಯೋಚಿಸುತ್ತಾರೆ. ಹಲಾಲ್ ಪಾಲಿಸುವವರಿಗೆ ಅಷ್ಟು ಸಾಲದು.

• ಕಣಕದಲ್ಲಿ: ಹಬೆಯಲ್ಲಿ ಬೇಯಿಸಿದ ಬನ್ನುಗಳ ಹಿಟ್ಟಿಗೆ ಮೃದುವಾಗಲೆಂದು ಹಂದಿ ಕೊಬ್ಬು ಸೇರಿಸುವುದುಂಟು. ಮೊಟ್ಟೆಯ ಟಾರ್ಟ್‌ನ ಪದರ ಪದರವಾದ ತಳಕ್ಕೆ, ಕೆಸುವಿನ ಗಡ್ಡೆಯ ಕರಿದ ತಿಂಡಿಗೆ ಹಳೆಯ ಪದ್ಧತಿಯಲ್ಲಿ ಬಳಸುವುದು ಈ ಕೊಬ್ಬನ್ನೇ.

• ಸಿಹಿಯಲ್ಲಿ: ಎಳ್ಳು ಮೆತ್ತಿದ ಉಂಡೆಗಳ ಒಳಗಿನ ತಾವರೆ ಬೀಜದ ಹೂರಣಕ್ಕೂ ಹಂದಿ ಕೊಬ್ಬು ಹಾಕಿರಬಹುದು. ಸಿಹಿ ಎಂದ ಮಾತ್ರಕ್ಕೆ ನಿರಾಳವಾಗುವಂತಿಲ್ಲ.

• ಮೂಲಂಗಿ ಕೇಕಿನಲ್ಲಿ: ಹೆಸರು ತರಕಾರಿಯದಾದರೂ ಒಳಗೆ ಒಣ ಸಿಗಡಿ, ಚೀನೀ ಹಂದಿ ಸಾಸೇಜಿನ ಚೂರುಗಳು ಇರುವುದೇ ವಾಡಿಕೆ. ಎಕ್ಸ್‌ಒ ಸಾಸಿನಲ್ಲಿ ಹುರಿದಿದ್ದರೆ ಆ ಸಾಸಿನಲ್ಲಿ ಒಣಗಿಸಿದ ಹಂದಿ ತೊಡೆಯ ಮಾಂಸವಿರುತ್ತದೆ.

• ಮಸಾಲೆಯಲ್ಲಿ: ಕೋಳಿ, ಸಿಗಡಿಗಳ ವಾಸನೆ ಹೋಗಲೆಂದು ಅಕ್ಕಿಯಿಂದ ತಯಾರಾದ ಶಾವ್‌ಶಿಂಗ್ ಮದ್ಯದಲ್ಲಿ ನೆನೆಸುವುದು ಚೀನೀ ಅಡುಗೆಯ ಮಾಮೂಲಿ ಕ್ರಮ.

• ಹಬೆಯಲ್ಲಿ: ಬುಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಬೇಯಿಸುತ್ತಾರೆ. ಮೇಲಿನ ಬುಟ್ಟಿಯ ರಸ ಕೆಳಗಿನದಕ್ಕೆ ತೊಟ್ಟಿಕ್ಕಬಹುದು.

ಶಾಂಘೈ ಕಡೆಯ ಸೂಪು ತುಂಬಿದ ಡಂಪ್ಲಿಂಗ್ ಕೂಡ ಕೆಲವು ಪಟ್ಟಿಗಳಲ್ಲಿ ಕಾಣುತ್ತದೆ. ಅದರೊಳಗಿನ ರಸ ಸಾಮಾನ್ಯವಾಗಿ ಹಂದಿ ಚರ್ಮವನ್ನು ಬೇಯಿಸಿ ಹೆಪ್ಪುಗಟ್ಟಿಸಿದ್ದು. ಇಷ್ಟನ್ನೂ ಪ್ರತಿ ಬುಟ್ಟಿಗೂ ವಿಚಾರಿಸುತ್ತ ಕೂತರೆ ಊಟದ ಸಂತೋಷವೇ ಉಳಿಯುವುದಿಲ್ಲ. ಅದಕ್ಕೇ ಹೋಟೆಲಿನ ಆಯ್ಕೆ ಮುಖ್ಯ.

ಹಂತ 2: ನಂಬಬಹುದಾದ ಜಾಗಕ್ಕೆ ಹೋಗಿ

ಹಾಂಗ್‌ಕಾಂಗ್‌ನಲ್ಲಿ ಸುಮಾರು 3 ಲಕ್ಷ ಮುಸ್ಲಿಮರಿದ್ದಾರೆ. ಅರ್ಧದಷ್ಟು ಮಂದಿ ಇಂಡೊನೇಷ್ಯಾದವರು. ಉಳಿದವರಲ್ಲಿ ಚೀನೀ ಮುಸ್ಲಿಮರು, ಪಾಕಿಸ್ತಾನ, ಭಾರತ ಮೂಲದವರೂ ಸೇರಿದ್ದಾರೆ. ಇವರೆಲ್ಲರಿಗೂ ಚೆನ್ನಾಗಿ ಗೊತ್ತಿರುವ ಜಾಗ ವಾನ್ ಚಾಯ್ ಬಡಾವಣೆಯ ಇಸ್ಲಾಮಿಕ್ ಸೆಂಟರ್ ಕ್ಯಾಂಟೀನ್. ಓಯ್ ಕ್ವಾನ್ ರಸ್ತೆಯ 40ನೇ ನಂಬರಿನ ಕಟ್ಟಡದಲ್ಲಿ ಅಮ್ಮಾರ್ ಮಸೀದಿ ಮತ್ತು ಉಸ್ಮಾನ್ ರಾಮ್ಜು ಸಾದಿಕ್ ಇಸ್ಲಾಮಿಕ್ ಕೇಂದ್ರ ಇವೆ. 1981ರಲ್ಲಿ ಆರಂಭವಾದ ಈ ಬಹುಮಹಡಿ ಕಟ್ಟಡದ 5ನೇ ಮಹಡಿಯಲ್ಲಿದೆ ಕ್ಯಾಂಟೀನು.

ವಾನ್ ಚಾಯ್ ಮತ್ತು ಕಾಸ್‌ವೇ ಬೇ ಮೆಟ್ರೊ ನಿಲ್ದಾಣಗಳ ನಡುವೆ ಈ ಜಾಗವಿದೆ. ಎರಡೂ ಕಡೆಯಿಂದ ನಡೆದೇ ಹೋಗಬಹುದು. ಗುರುತಿಗೆ ಕ್ವೀನ್ ಎಲಿಜಬೆತ್ ಕ್ರೀಡಾಂಗಣವನ್ನು ಕೇಳಿ. ಅದೂ ಇದೇ ರಸ್ತೆಯಲ್ಲಿದೆ.

ಆಡಂಬರವಿಲ್ಲದ, ಸಾಧಾರಣ ಕುರ್ಚಿ ಮೇಜುಗಳ ಕ್ಯಾಂಟೀನಿದು. ಮುಸ್ಲಿಮರಲ್ಲದವರೂ ಬಂದು ತಿನ್ನುತ್ತಾರೆ, ಯಾರಿಗೂ ಅಡ್ಡಿಯಿಲ್ಲ. ಮಸೀದಿಯ ಕಟ್ಟಡವಾದ್ದರಿಂದ ಮೈ ಮುಚ್ಚುವ ಬಟ್ಟೆ ತೊಟ್ಟು ಹೋಗುವುದು ಮರ್ಯಾದೆ. ನಮಾಜಿಗೆ ಬೇರೆ ಮಹಡಿಗಳಲ್ಲಿ ವ್ಯವಸ್ಥೆ ಇರುವುದರಿಂದ ಊಟ, ಪ್ರಾರ್ಥನೆ ಎರಡೂ ಒಂದೇ ಕಡೆ ಮುಗಿಯುತ್ತವೆ.

ಬೇರೆ ಹೋಟೆಲಿಗೆ ಹೋಗುವುದಾದರೆ ಗೋಡೆಯ ಮೇಲಿನ ಹಲಾಲ್ ಪ್ರಮಾಣಪತ್ರ ನೋಡಿ. ಹಾಂಗ್‌ಕಾಂಗ್‌ನ ಮಸೀದಿಗಳ ಆಡಳಿತ ನೋಡಿಕೊಳ್ಳುವ ಇಸ್ಲಾಮಿಕ್ ಕಮ್ಯುನಿಟಿ ಫಂಡ್‌ನ ಟ್ರಸ್ಟಿಗಳ ಸಂಸ್ಥೆ ಇದನ್ನು ಕೊಡುತ್ತದೆ. ಪತ್ರದಲ್ಲಿ ಹೋಟೆಲಿನ ಹೆಸರು, ವಿಳಾಸ, ಅವಧಿ ಮುಗಿಯುವ ದಿನ ಮೂರನ್ನೂ ಓದಿ. ‘ಹಂದಿ ಮಾಂಸ ಇಲ್ಲ’ ಎಂಬ ಫಲಕ ಹಲಾಲ್ ಪ್ರಮಾಣಪತ್ರವಲ್ಲ. ಅಲ್ಲಿ ಮದ್ಯ ಬಳಕೆ ಇರಬಹುದು, ಕೋಳಿ ಹಲಾಲ್ ಅಲ್ಲದೆ ಇರಬಹುದು.

ಹಂತ 3: ಹೊತ್ತು ನೋಡಿ ಹೊರಡಿ

ಡಿಮ್ ಸಮ್ ರಾತ್ರಿಯ ಊಟವಲ್ಲ, ಬೆಳಿಗ್ಗೆ ಮಧ್ಯಾಹ್ನಗಳ ತಿಂಡಿ. ವಾನ್ ಚಾಯ್ ಕ್ಯಾಂಟೀನಿನಲ್ಲಿ ಸುಮಾರು 10ರಿಂದ 3 ಗಂಟೆಯವರೆಗೆ ಸಿಗುತ್ತದೆ. ಆಮೇಲೆ ಅನ್ನ, ನೂಡಲ್ಸ್‌ಗಳ ಸರದಿ. ಹನ್ನೊಂದರ ಒಳಗೆ ಹೋದರೆ ಕೂರಲು ಜಾಗವೂ ಇರುತ್ತದೆ, ತಿಂಡಿಯ ಬಗೆಗಳೂ ಮುಗಿದಿರುವುದಿಲ್ಲ. ಶುಕ್ರವಾರ ಜುಮ್ಮಾ ನಮಾಜಿನ ನಂತರ ಜನ ತುಂಬುತ್ತಾರೆ. ಶನಿವಾರ, ಭಾನುವಾರ ಕುಟುಂಬಗಳು ಬರುತ್ತವೆ. ರಂಜಾನ್ ತಿಂಗಳಲ್ಲಿ ವೇಳೆ ಬದಲಾಗಬಹುದಾದ್ದರಿಂದ ಮೊದಲೇ ವಿಚಾರಿಸಿ. ಇಂಥ ಸಣ್ಣ ಹೋಟೆಲುಗಳಲ್ಲಿ ಕಾರ್ಡು ನಡೆಯುತ್ತದೆಂದು ನೆಚ್ಚಿಕೊಳ್ಳಬೇಡಿ, ಹಾಂಗ್‌ಕಾಂಗ್ ಡಾಲರಿನ ನಗದು ಕೈಯಲ್ಲಿರಲಿ.

ಒಬ್ಬರೇ ಹೋಗುವುದಕ್ಕಿಂತ ಮೂರು ನಾಲ್ಕು ಜನ ಸೇರಿ ಹೋಗುವುದು ಒಳ್ಳೆಯದು. ಒಂದು ಬುಟ್ಟಿಯಲ್ಲಿ ಸಾಮಾನ್ಯವಾಗಿ ಮೂರೋ ನಾಲ್ಕೋ ತುಂಡುಗಳಿರುತ್ತವೆ. ಜನ ಹೆಚ್ಚಿದಷ್ಟೂ ಹೆಚ್ಚು ಬಗೆಯ ರುಚಿ ನೋಡಬಹುದು.

ಹಂತ 4: ಮೊದಲು ಚಹಾ ಹೇಳಿ

ಕೂತ ತಕ್ಷಣ ಕೇಳುವುದು ‘ಯಾವ ಚಹಾ?’ ಎಂದು. ಹಾಲು, ಸಕ್ಕರೆ ಎರಡೂ ಇರುವುದಿಲ್ಲ. ಹುದುಗಿಸಿದ ಎಲೆಯ ‘ಬೋ ಲೇ’ ಕಡು ಬಣ್ಣದ್ದು, ಮಣ್ಣಿನ ಘಮದ್ದು. ಎಣ್ಣೆ ತಿಂಡಿಯ ಜೊತೆ ಹಾಂಗ್‌ಕಾಂಗ್‌ನವರು ಹೆಚ್ಚಾಗಿ ಕುಡಿಯುವುದು ಇದನ್ನೇ. ಮೊದಲ ಸಲದವರಿಗೆ ಮಲ್ಲಿಗೆಯ ಪರಿಮಳದ ಚಹಾ ಹಗುರ. ಸೇವಂತಿಗೆ ಹೂವಿನ ಚಹಾದಲ್ಲಿ ಚಹಾ ಎಲೆಯೇ ಇರುವುದಿಲ್ಲ; ಮಕ್ಕಳಿಗೂ ಕೊಡಬಹುದು. ಹಾಂಗ್‌ಕಾಂಗ್‌ನ ಬಹಳ ಕಡೆ ಚಹಾಕ್ಕೆ ತಲೆಗಿಷ್ಟು ಎಂದು ಬೇರೆ ಹಣ ಹಾಕುತ್ತಾರೆ. ಬಿಲ್ಲಿನಲ್ಲಿ ಅದನ್ನು ಕಂಡು ಗಾಬರಿಯಾಗಬೇಡಿ.

ಚಹಾ ಬಗ್ಗಿಸುವಾಗ ಹಿರಿಯರ ಬಟ್ಟಲು ಮೊದಲು, ನಿಮ್ಮದು ಕೊನೆಗೆ. ನಿಮಗೆ ಯಾರಾದರೂ ಬಗ್ಗಿಸಿದರೆ ಎರಡು ಬೆರಳಿನಿಂದ ಮೇಜನ್ನು ಮೆಲ್ಲಗೆ ತಟ್ಟಿ, ಅದೇ ವಂದನೆ. ಕುದಿನೀರು ಮತ್ತೆ ಬೇಕಾದರೆ ಕೆಟಲಿನ ಮುಚ್ಚಳವನ್ನು ಓರೆಯಾಗಿ ಇಡಿ. ಕರೆಯದಿದ್ದರೂ ತುಂಬಿಸಿಕೊಡುತ್ತಾರೆ.

ಹಂತ 5: ಚೀಟಿಯಲ್ಲಿ ಗುರುತು ಹಾಕಿ

ತಿಂಡಿಗಳನ್ನು ಗಾಡಿಯಲ್ಲಿ ತಳ್ಳಿಕೊಂಡು ಬರುವ ಹಳೆಯ ಪದ್ಧತಿ ಈಗ ಕೆಲವೇ ಕಡೆ ಉಳಿದಿದೆ. ಹೆಚ್ಚಿನ ಕಡೆ ಚೀಟಿಯಲ್ಲಿ ತಿಂಡಿಯ ಮುಂದೆ ಎಷ್ಟು ಬುಟ್ಟಿ ಎಂದು ಬರೆದು ಕೊಡಬೇಕು. ಇಬ್ಬರಿಗೆ ನಾಲ್ಕು ಬುಟ್ಟಿಯಿಂದ ಶುರು ಮಾಡಿ, ಸಾಲದಿದ್ದರೆ ಮತ್ತೆ ಹೇಳಿ. ಡಿಮ್ ಸಮ್ ಆರಿದರೆ ಕಣಕ ಬಿರುಸಾಗುತ್ತದೆ. ಆದ್ದರಿಂದ ಎಲ್ಲವನ್ನೂ ಒಮ್ಮೆಗೇ ತರಿಸಬೇಡಿ.

ಮೊದಲ ಸಲಕ್ಕೆ ಈ ಸರದಿ ಚೆನ್ನ:

• ಹಾ ಗಾವ್: ಸಿಗಡಿ ತುಂಬಿದ್ದು. ಅಂಟು ತೆಗೆದ ಗೋಧಿ ಪಿಷ್ಟವನ್ನು ಬಿಸಿನೀರಿನಲ್ಲಿ ನಾದುವುದರಿಂದ ಕಣಕ ಪಾರದರ್ಶಕವಾಗಿ, ಒಳಗಿನ ಸಿಗಡಿಯ ನಸುಗೆಂಪು ಕಾಣುತ್ತದೆ. ನೆರಿಗೆಗಳು ಎಷ್ಟು ಸೊಗಸಾಗಿವೆ, ಎತ್ತಿದಾಗ ಹರಿಯದೆ ಬರುತ್ತದೆಯೇ ಎಂಬುದರ ಮೇಲೆ ಅಡುಗೆಯವರ ಕೈಗುಣ ಅಳೆಯುತ್ತಾರೆ.

• ಸಿಯು ಮೈ: ಬಾಯಿ ತೆರೆದ ಪುಟ್ಟ ಬಟ್ಟಲಿನ ಆಕಾರದ್ದು. ಮೂಲದಲ್ಲಿ ಹಂದಿ, ಸಿಗಡಿ ಹಾಕುವ ಈ ತಿಂಡಿಯನ್ನು ಹಲಾಲ್ ಅಡುಗೆಮನೆಯಲ್ಲಿ ಕೋಳಿಯಂಥ ಬೇರೆ ಮಾಂಸದಲ್ಲಿ ಮಾಡುತ್ತಾರೆ. ಹಂದಿಯ ಕೊಬ್ಬು ಇಲ್ಲದೆ ಹೂರಣ ಒಣಗದಂತೆ ನೋಡಿಕೊಳ್ಳುವುದು ಕಷ್ಟದ ಕೆಲಸ. ರಸ ಉಳಿದಿದ್ದರೆ ಆ ಹೋಟೆಲು ಒಳ್ಳೆಯದೆಂದೇ ಲೆಕ್ಕ.

• ಚೋಂಗ್ ಫನ್: ಅಕ್ಕಿ ಹಿಟ್ಟನ್ನು ತೆಳ್ಳಗೆ ಹರಡಿ ಹಬೆಯಲ್ಲಿ ಬೇಯಿಸಿ, ಒಳಗೆ ಸಿಗಡಿಯೋ ಮಾಂಸವೋ ಇಟ್ಟು ಸುತ್ತಿ, ಸಿಹಿ ಬೆರೆತ ಸೋಯಾ ಸಾಸ್ ಸುರಿದದ್ದು. ನೀರು ದೋಸೆ ತಿಂದು ಬೆಳೆದ ಕರಾವಳಿಯವರಿಗೆ ಇದರ ಮೃದುತ್ವ ಕೂಡಲೇ ಹಿಡಿಸುತ್ತದೆ.

• ಬನ್ನು: ‘ಚಾ ಸಿಯು’ ಎಂಬ ಸುಟ್ಟ ಹಂದಿ ಮಾಂಸದ ಬದಲು ಕೋಳಿ ಹೂರಣದ್ದು ಸಿಕ್ಕರೆ ಬಿಡಬೇಡಿ. ತಲೆ ಬಿರಿದು ಅರಳಿರುವುದು ಒಳ್ಳೆಯ ಲಕ್ಷಣ. ತಳದಲ್ಲಿ ಕಾಗದ ಅಂಟಿರುತ್ತದೆ, ತೆಗೆದು ತಿನ್ನಿ.

• ಲೋ ಮೈ ಗೈ: ಅಂಟು ಅಕ್ಕಿ, ಕೋಳಿ, ಅಣಬೆಗಳನ್ನು ತಾವರೆ ಎಲೆಯಲ್ಲಿ ಕಟ್ಟಿ ಬೇಯಿಸಿದ್ದು. ಎಲೆಯ ಪರಿಮಳವೇ ಇದರ ಜೀವ. ಎಲೆ ತಿನ್ನುವುದಕ್ಕಲ್ಲ. ಹೊಟ್ಟೆ ತುಂಬಿಸುವ ತಿಂಡಿಯಾದ್ದರಿಂದ ಕೊನೆಗೆ ತರಿಸಿ, ಇಬ್ಬರಿಗೆ ಒಂದು ಸಾಕು.

• ಸಿಹಿಗೆ: ಹಬೆಯಲ್ಲಿ ಬೆಂದ ಕಂದು ಸ್ಪಂಜಿನಂಥ ಮಾ ಲೈ ಗೋ, ಅಥವಾ ಮೊಟ್ಟೆಯ ಟಾರ್ಟ್. ಬೇರೆ ಕಡೆ ಹಂದಿ ಕೊಬ್ಬಿನ ಅನುಮಾನದಿಂದ ದೂರವಿಟ್ಟ ಸಿಹಿಯನ್ನು ಇಲ್ಲಿ ನಿಶ್ಚಿಂತೆಯಿಂದ ತಿನ್ನಬಹುದು.

ಕೋಳಿ ಪಾದವೂ ಪಟ್ಟಿಯಲ್ಲಿದ್ದರೆ ಒಂದು ಬುಟ್ಟಿ ಹೇಳಿ ನೋಡಿ. ಕರಿದು, ನೆನೆಸಿ, ಬಳಿಕ ಹುದುಗಿಸಿದ ಕಪ್ಪು ಸೋಯಾ ಕಾಳಿನ ಮಸಾಲೆಯಲ್ಲಿ ಬೇಯಿಸುವ ಇದಕ್ಕೆ ದುಡಿಮೆ ಬಹಳ. ಮೂಳೆಯನ್ನು ಬಾಯಿಂದ ಬಿಡಿಸಿ ತಟ್ಟೆಯ ಅಂಚಿಗೆ ಇಡುವುದು ಅಲ್ಲಿ ಅಸಭ್ಯವಲ್ಲ.

ಹಂತ 6: ನಿಮ್ಮ ಪಥ್ಯ ನೀವೇ ನೋಡಿಕೊಳ್ಳಿ

ಹಲಾಲ್ ಎಂದರೆ ಎಲ್ಲರಿಗೂ ಎಲ್ಲವೂ ಸಲ್ಲುತ್ತದೆ ಎಂದಲ್ಲ. ಹಂದಿಯ ಬದಲು ದನದ ಮಾಂಸ ಬಳಸುವುದು ಹಲಾಲ್ ಡಿಮ್ ಸಮ್‌ನಲ್ಲಿ ಸಾಮಾನ್ಯ. ಅದನ್ನು ತಿನ್ನದವರು ಹೂರಣ ಯಾವುದೆಂದು ತಪ್ಪದೆ ಕೇಳಬೇಕು. ಸಿಗಡಿಯ ವಿಚಾರದಲ್ಲಿ ಮುಸ್ಲಿಮರಲ್ಲೂ ಭಿನ್ನ ಮತಗಳಿವೆ. ಭಟ್ಕಳದ ನವಾಯತರು, ದಕ್ಷಿಣ ಕನ್ನಡದ ಬ್ಯಾರಿಗಳು ಹೆಚ್ಚಾಗಿ ಶಾಫಿ ಪಂಥದವರು. ಅವರಿಗೆ ಸಿಗಡಿ ತಡೆಯಿಲ್ಲ. ಹನಫಿ ಪಂಥದ ವಿದ್ವಾಂಸರಲ್ಲಿ ಈ ಬಗ್ಗೆ ಎರಡು ಅಭಿಪ್ರಾಯಗಳಿವೆ. ಬಿಡುವವರಿಗೆ ಕೋಳಿ, ಕುರಿ ಮಾಂಸದ ಬಗೆಗಳನ್ನು ಕೇಳುವ ದಾರಿ ಇದ್ದೇ ಇದೆ.

ಶಾಕಾಹಾರಿಗಳಿಗೆ ಇಲ್ಲಿ ಸಿಗುವುದು ಕಡಿಮೆ. ಅವರು ಡೈಮಂಡ್ ಹಿಲ್‌ನ ನಾನ್ ಲಿಯನ್ ಉದ್ಯಾನದಲ್ಲಿ ಚಿ ಲಿನ್ ಬೌದ್ಧ ಸನ್ಯಾಸಿನಿಯರ ಮಠದವರು ನಡೆಸುವ ಶಾಕಾಹಾರಿ ಹೋಟೆಲಿಗೆ ಹೋಗುವುದು ಉತ್ತಮ. ಸಿಗಡಿ, ಸೋಯಾ, ಎಳ್ಳು, ಕಡಲೆಕಾಯಿ, ಗೋಧಿ ಒಗ್ಗದವರು ಪ್ರತಿ ತಿಂಡಿಯನ್ನೂ ವಿಚಾರಿಸಿಯೇ ಹೇಳಬೇಕು.

ಕ್ಯಾಂಟನೀಸ್ ಭಾಷೆಯಲ್ಲಿ ಸ್ವರದ ಏರಿಳಿತ ತಪ್ಪಿದರೆ ಅರ್ಥವೇ ಬೇರೆಯಾಗುತ್ತದೆ. ಬಾಯಲ್ಲಿ ಹೇಳುವುದಕ್ಕಿಂತ ಫೋನಿನ ಅನುವಾದದಲ್ಲಿ ‘ಇದರಲ್ಲಿ ದನದ ಮಾಂಸ ಇದೆಯೇ?’, ‘ಸಿಗಡಿ ಇದೆಯೇ?’ ಎಂಬ ಪ್ರಶ್ನೆಗಳನ್ನು ಸಾಂಪ್ರದಾಯಿಕ ಚೀನೀ ಲಿಪಿಯಲ್ಲಿ ಮೊದಲೇ ಬರೆಸಿಟ್ಟುಕೊಂಡು ತೋರಿಸಿ. ‘ಮ್ ಗೋಯ್’ ಎಂಬ ಒಂದು ಮಾತು ಕಲಿತರೆ ಸಾಕು. ಕರೆಯುವುದಕ್ಕೂ, ದಯವಿಟ್ಟು ಎನ್ನುವುದಕ್ಕೂ, ಉಪಕಾರವಾಯಿತು ಎನ್ನುವುದಕ್ಕೂ ಅದೇ ನಡೆಯುತ್ತದೆ. ಬಿಲ್ಲಿಗೆ ‘ಮಾಯ್ ದಾನ್’ ಎನ್ನಿ.

ಹಂತ 7: ತಿಂದು ಬೇಗ ಜಾಗ ಬಿಡಿ

ಸಣ್ಣ ಹೋಟೆಲು, ಕಾಯುವ ಜನ ಹೆಚ್ಚು. ಗೊತ್ತಿಲ್ಲದವರ ಜೊತೆ ಒಂದೇ ಮೇಜು ಹಂಚಿಕೊಳ್ಳಬೇಕಾಗಬಹುದು, ಅದು ಅಲ್ಲಿಯ ರೂಢಿ. ಚಾಪ್‌ಸ್ಟಿಕ್ ಒಗ್ಗದಿದ್ದರೆ ಚಮಚ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಚಾಪ್‌ಸ್ಟಿಕ್‌ಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ಇಡಬೇಡಿ. ಸತ್ತವರ ಮುಂದಿಡುವ ಊದುಬತ್ತಿಯ ನೆನಪು ತರುತ್ತದೆಂದು ಚೀನೀಯರಿಗೆ ಅದು ಅಶುಭ.

ಹಲಾಲ್ ಪಾಲಿಸುವವರಿಗೆ ಚೀನೀ ಅಡುಗೆ ದಕ್ಕುವುದಿಲ್ಲ ಎಂಬುದು ತಪ್ಪು ಕಲ್ಪನೆ. ಚೀನಾದಲ್ಲಿ ಮುಸ್ಲಿಮರು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಇದ್ದಾರೆ, ತಮ್ಮದೇ ಅಡುಗೆ ಕಟ್ಟಿಕೊಂಡಿದ್ದಾರೆ. ವಾನ್ ಚಾಯ್‌ನ 5ನೇ ಮಹಡಿಯಲ್ಲಿ ಸಿಗುವುದು ಆ ಬಾಳ್ವೆಯ ಫಲ. ಹಾಂಗ್‌ಕಾಂಗ್‌ಗೆ ಹೋಗುವವರು ದೊಡ್ಡ ಹೋಟೆಲಿನಲ್ಲಿ ಅನುಮಾನಪಡುತ್ತ ಒಂದು ಬುಟ್ಟಿ ತಿನ್ನುವ ಬದಲು, ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಮನೆಯವರೊಂದಿಗೆ ಇಂಥ ಕ್ಯಾಂಟೀನಿಗೆ ಹೋಗಿ, ಹೊಟ್ಟೆ ತುಂಬ, ಮನಸ್ಸು ತುಂಬ ತಿಂದು ಬನ್ನಿ.