ಮನೆಯ ಜಾಲಕ್ಕೆ ಟಿ.ವಿ. ಜೋಡಣೆ: ಕೃಷಿ ಚಿತ್ರಗಳ ವೀಕ್ಷಣೆಗೆ ಒಂದು ಸುಲಭ ಕ್ರಮ

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಮ್ಮ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಉಪಗ್ರಹದ ಮೂಲಕ ದೂರದರ್ಶನ ಶಿಕ್ಷಣದ ಪ್ರಯೋಗ ನಡೆಯಿತು. ‘ಸೈಟ್’ ಎಂದು ಹೆಸರಾದ ಈ ಪ್ರಯೋಗದಲ್ಲಿ ಕರ್ನಾಟಕದ ಅಂದಿನ ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ತಂತಿ ಬಲೆಯಿಂದ ಮಾಡಿದ ಸುಮಾರು 10 ಅಡಿ ಅಗಲದ ಆಂಟೆನಾ ಹಾಗೂ ಊರಿಗೊಂದು ಟಿ.ವಿ. ಇವೇ ಅಂದಿನ ಸಲಕರಣೆ. ಪ್ರಸಾರದ ವೇಳೆ ತಪ್ಪಿದರೆ ಆ ದಿನದ ಪಾಠವೂ ತಪ್ಪಿದಂತೆಯೇ ಆಗುತ್ತಿತ್ತು.

ಇಂದಿನ ಪರಿಸ್ಥಿತಿ ಬೇರೆ. ಬೀಜೋಪಚಾರ, ಕಸಿ ಕಟ್ಟುವುದು, ಕೀಟಗಳ ಗುರುತು ಮುಂತಾದ ವಿಷಯಗಳ ಚಿತ್ರಗಳನ್ನು ಬೇಕಾದಾಗ, ಬೇಕಾದಷ್ಟು ಸಲ ನೋಡಬಹುದು. ಆದರೆ ಬಹುಪಾಲು ರೈತರು ಇವನ್ನು ಅಂಗೈಯಗಲದ ಮೊಬೈಲಿನಲ್ಲಿ ಒಬ್ಬೊಬ್ಬರೇ ನೋಡುತ್ತಾರೆ. ಪಡಸಾಲೆಯ ಟಿ.ವಿ. ಧಾರಾವಾಹಿಗಳಿಗಷ್ಟೇ ಮೀಸಲಾಗಿರುತ್ತದೆ. ಅದೇ ಟಿ.ವಿ.ಯನ್ನು ಮನೆಯ ಜಾಲಕ್ಕೆ ಜೋಡಿಸಿ, ಮನೆಮಂದಿಯೂ ನೆರೆಹೊರೆಯವರೂ ಕೂಡಿ ಕೃಷಿ ಚಿತ್ರಗಳನ್ನು ನೋಡುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಒಂದು ಅನುಭವ

ಮೆಕ್ಕೆಜೋಳವನ್ನು ಕಾಡುವ ಫಾಲ್ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲು ಕಂಡುಬಂದದ್ದು 2018ರಲ್ಲಿ, ಕರ್ನಾಟಕದಲ್ಲಿಯೇ. ಅದರ ಮರುವರ್ಷ ಈ ಹುಳುವಿನ ಗುರುತು ತಿಳಿಸಲು ಒಂದು ಗ್ರಾಮದಲ್ಲಿ ಸಂಜೆ ಸಭೆ ಏರ್ಪಡಿಸಿದ್ದೆವು. ಸುಮಾರು ನಲವತ್ತು ಮಂದಿ ರೈತರು ಸೇರಿದ್ದರು. ಹುಳುವಿನ ತಲೆಯ ಮೇಲಿನ ತಲೆಕೆಳಗಾದ ‘ವೈ’ ಆಕಾರದ ಗೆರೆಯನ್ನು ತೋರಿಸಬೇಕೆನ್ನುವಷ್ಟರಲ್ಲಿ ಚಿತ್ರ ನಿಂತಿತು. ಪರದೆಯ ಮೇಲೆ ಚಕ್ರ ಸುತ್ತತೊಡಗಿತು. ಕಾಲು ಗಂಟೆ ಕಾದು ಜನ ಎದ್ದು ಹೋದರು. ಅವರ ಹೊಲದ ಪೈರಿಗೆ ಆಗ ಮೂರು ವಾರ. ಸುಳಿಯೊಳಗೆ ಮರಿಹುಳು ಇನ್ನೂ ಚಿಕ್ಕದಾಗಿದ್ದ, ಹತೋಟಿ ಸುಲಭವಾಗಿದ್ದ ಸಮಯ. ಮತ್ತೆ ಸಭೆ ಸೇರಿಸಲು ಹತ್ತು ದಿನ ಹಿಡಿಯಿತು. ಅಷ್ಟರಲ್ಲಿ ಹುಳು ಬೆಳೆದು ಸುಳಿಯ ಆಳಕ್ಕೆ ಇಳಿದಿತ್ತು.

ತಪ್ಪು ನನ್ನದು. ಚಿತ್ರ ನನ್ನ ಲ್ಯಾಪ್‌ಟಾಪಿನಲ್ಲಿಯೇ ಇತ್ತು, ಆ ಮನೆಯಲ್ಲಿ ರೂಟರೂ ಇತ್ತು. ಹೊರಗಿನ ಅಂತರ್ಜಾಲದ ಹಂಗಿಲ್ಲದೆ ಅದನ್ನು ತೋರಿಸಬಹುದೆಂಬುದು ಆಗ ನನಗೆ ಹೊಳೆಯಲಿಲ್ಲ.

ಮನೆಯ ಜಾಲವೇ ಬೇರೆ, ಅಂತರ್ಜಾಲವೇ ಬೇರೆ

ಈ ವಿಷಯವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ತೋಟದಲ್ಲಿ ಕೊಳವೆ ಬಾವಿಯಿಂದ ನೀರು ತೊಟ್ಟಿಗೆ ಬರುತ್ತದೆ. ತೊಟ್ಟಿಯಿಂದ ಪೈಪುಗಳ ಮೂಲಕ ಮಡಿಮಡಿಗೆ ಹರಿಯುತ್ತದೆ. ಬಾವಿಯ ಮೋಟಾರು ಕೆಟ್ಟರೂ ತೊಟ್ಟಿಯಲ್ಲಿರುವ ನೀರನ್ನು ಮಡಿಗೆ ಹಾಯಿಸಲು ಅಡ್ಡಿಯಿಲ್ಲ. ಅಂತರ್ಜಾಲವು ಕೊಳವೆ ಬಾವಿಯಿದ್ದಂತೆ. ಮನೆಯ ಜಾಲವು ತೋಟದೊಳಗಿನ ಪೈಪುಗಳಿದ್ದಂತೆ. ಈ ಪೈಪುಗಳು ಬಂದು ಕೂಡುವ ಜಾಗವೇ ರೂಟರ್.

ಹೊರಗಿನ ಸಂಪರ್ಕ ಕಡಿದುಹೋದರೂ ರೂಟರಿಗೆ ವಿದ್ಯುತ್ ಇರುವತನಕ ಮನೆಯ ಜಾಲ ಕೆಲಸ ಮಾಡುತ್ತದೆ. ಆದುದರಿಂದ ಲ್ಯಾಪ್‌ಟಾಪಿನಲ್ಲಿ ಮೊದಲೇ ಶೇಖರಿಸಿಟ್ಟ ಚಿತ್ರವನ್ನು ಟಿ.ವಿ.ಯಲ್ಲಿ ನೋಡುವಾಗ ಡೇಟಾ ಖರ್ಚಾಗುವುದಿಲ್ಲ, ಚಿತ್ರ ನಡುವೆ ನಿಲ್ಲುವ ಸಂಭವವೂ ಕಡಿಮೆ.

ಬೇಕಾಗುವ ಸಾಮಗ್ರಿಗಳು

1. ಜಾಲಕ್ಕೆ ಸೇರಬಲ್ಲ ಟಿ.ವಿ., ಅಂದರೆ ಸ್ಮಾರ್ಟ್ ಟಿ.ವಿ. ಹಳೆಯ ಟಿ.ವಿ.ಯಾದರೆ ಅದರ ಹಿಂಬದಿಯಲ್ಲಿ ಎಚ್.ಡಿ.ಎಂ.ಐ. ರಂಧ್ರವಿದೆಯೇ ನೋಡಿ. ಇದ್ದರೆ ಅದಕ್ಕೆ ಸಿಕ್ಕಿಸುವ ಸ್ಟ್ರೀಮಿಂಗ್ ಸ್ಟಿಕ್ ಅಥವಾ ಆಂಡ್ರಾಯ್ಡ್ ಪೆಟ್ಟಿಗೆಯನ್ನು ಕೊಂಡರೆ ಸಾಕು, ಹೊಸ ಟಿ.ವಿ. ಬೇಕಿಲ್ಲ.
2. ವೈಫೈ ಸೌಲಭ್ಯವುಳ್ಳ ರೂಟರ್.
3. ಚಿತ್ರಗಳನ್ನು ಶೇಖರಿಸಿಡಲು ಲ್ಯಾಪ್‌ಟಾಪ್ ಅಥವಾ ಗಣಕಯಂತ್ರ.
4. ಸಾಧ್ಯವಾದರೆ ರೂಟರಿನಿಂದ ಟಿ.ವಿ.ವರೆಗೆ ಎಳೆಯಲು ಜಾಲದ ಕೇಬಲ್.

ತಂತಿಯೋ, ವೈಫೈಯೋ?

ಟಿ.ವಿ. ಒಂದೇ ಜಾಗದಲ್ಲಿ ಇರುವಂತಹ ವಸ್ತು. ಆದುದರಿಂದ ಕೇಬಲ್ ಜೋಡಣೆಯೇ ಉತ್ತಮ. ಕೇಬಲಿನ ಉದ್ದ 100 ಮೀಟರ್ ಮೀರಬಾರದು. ಅನೇಕ ಟಿ.ವಿ.ಗಳ ಕೇಬಲ್ ರಂಧ್ರದ ವೇಗ ಸೆಕೆಂಡಿಗೆ 100 ಮೆಗಾಬಿಟ್ ಮಾತ್ರ. ಕೃಷಿ ಚಿತ್ರಗಳಿಗೆ ಅಷ್ಟು ಧಾರಾಳವಾಗಿ ಸಾಕು.

ವೈಫೈ ಬಳಸುವುದಾದರೆ ಎರಡು ಬಗೆಯ ಅಲೆಗಳಿವೆ. 2.4 ಗಿಗಾಹರ್ಟ್ಸ್ ಅಲೆ ದೂರ ಹೋಗುತ್ತದೆ, ಗೋಡೆಗಳನ್ನೂ ತಕ್ಕಮಟ್ಟಿಗೆ ದಾಟುತ್ತದೆ. ಆದರೆ ವೇಗ ಕಡಿಮೆ. 5 ಗಿಗಾಹರ್ಟ್ಸ್ ಅಲೆಯ ವೇಗ ಹೆಚ್ಚು. ಆದರೆ ಗೋಡೆಗಳ ಮುಂದೆ ಬೇಗ ಸೋಲುತ್ತದೆ. ರೂಟರ್ ಮತ್ತು ಟಿ.ವಿ. ಒಂದೇ ಕೋಣೆಯಲ್ಲಿದ್ದರೆ 5 ಗಿಗಾಹರ್ಟ್ಸ್ ಆರಿಸಿಕೊಳ್ಳಿ. ನಡುವೆ ದಪ್ಪ ಮಣ್ಣಿನ ಅಥವಾ ಕಲ್ಲಿನ ಗೋಡೆಗಳಿದ್ದರೆ 2.4 ಗಿಗಾಹರ್ಟ್ಸ್ ಲೇಸು. ತಗಡು ಈ ಅಲೆಗಳನ್ನು ತಡೆಯುತ್ತದೆ. ಆದ್ದರಿಂದ ರೂಟರನ್ನು ತಗಡಿನ ಬೀರುವಿನೊಳಗಾಗಲೀ ಟಿ.ವಿ.ಯ ಹಿಂದಾಗಲೀ ಇಡದೆ, ಎತ್ತರದ ತೆರೆದ ಜಾಗದಲ್ಲಿ ಇಡತಕ್ಕದ್ದು.

ಜೋಡಣೆಯ ಕ್ರಮ

1. ಕೇಬಲ್ ಬಳಸುವುದಾದರೆ ಅದರ ಒಂದು ತುದಿಯನ್ನು ರೂಟರಿನ ‘ಲ್ಯಾನ್’ ಎಂದು ಬರೆದ ರಂಧ್ರಕ್ಕೂ ಇನ್ನೊಂದನ್ನು ಟಿ.ವಿ.ಗೂ ಸಿಕ್ಕಿಸಿ. ‘ವ್ಯಾನ್’ ಎಂಬ ರಂಧ್ರ ಹೊರಗಿನ ಸಂಪರ್ಕಕ್ಕೆ ಮೀಸಲು, ಅದನ್ನು ಮುಟ್ಟಬೇಡಿ.
2. ವೈಫೈ ಆದರೆ ಟಿ.ವಿ.ಯ ಸೆಟ್ಟಿಂಗ್ಸ್‌ನಲ್ಲಿ ‘ನೆಟ್‌ವರ್ಕ್’ ವಿಭಾಗ ತೆರೆದು ನಿಮ್ಮ ಜಾಲದ ಹೆಸರನ್ನು ಆರಿಸಿ, ಗುಪ್ತಪದವನ್ನು ನಮೂದಿಸಿ.
3. ಲ್ಯಾಪ್‌ಟಾಪನ್ನೂ ಅದೇ ರೂಟರಿಗೆ ಸೇರಿಸಿ. ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲಿ ಮನೆಯ ಜಾಲವನ್ನು ‘ಪ್ರೈವೇಟ್’ ಎಂದು ಗುರುತಿಸಬೇಕು. ‘ಪಬ್ಲಿಕ್’ ಎಂದಿದ್ದರೆ ಅದು ಇತರ ಯಂತ್ರಗಳಿಗೆ ತನ್ನನ್ನು ತೋರಿಸಿಕೊಳ್ಳುವುದಿಲ್ಲ.
4. ಕಂಟ್ರೋಲ್ ಪ್ಯಾನೆಲಿನ ‘ನೆಟ್‌ವರ್ಕ್ ಅಂಡ್ ಶೇರಿಂಗ್ ಸೆಂಟರ್’ನಲ್ಲಿ ‘ಮೀಡಿಯಾ ಸ್ಟ್ರೀಮಿಂಗ್ ಆಪ್ಷನ್ಸ್’ ತೆರೆದು, ಸ್ಟ್ರೀಮಿಂಗ್ ಸೌಲಭ್ಯವನ್ನು ಚಾಲೂ ಮಾಡಿ.
5. ತೋರಿಸಬೇಕಾದ ಚಿತ್ರಗಳನ್ನು ‘ವಿಡಿಯೋಸ್’ ಎಂಬ ಕಡತಕೋಶದಲ್ಲಿ ಹಾಕಿ.
6. ಟಿ.ವಿ.ಯಲ್ಲಿ ‘ಮೀಡಿಯಾ ಪ್ಲೇಯರ್’ ಅಥವಾ ‘ಸೋರ್ಸ್’ ಪಟ್ಟಿ ತೆರೆಯಿರಿ. ಲ್ಯಾಪ್‌ಟಾಪಿನ ಹೆಸರು ಅಲ್ಲಿ ಕಾಣಿಸುತ್ತದೆ. ಅದನ್ನು ಆರಿಸಿ ಚಿತ್ರವನ್ನು ಆರಂಭಿಸಿ.

ಟಿ.ವಿ. ಮತ್ತು ಲ್ಯಾಪ್‌ಟಾಪ್ ಹೀಗೆ ಒಂದನ್ನೊಂದು ಗುರುತಿಸುವುದು ಡಿ.ಎಲ್.ಎನ್.ಎ. ಎಂಬ ಸಮಾನ ನಿಯಮದಿಂದ. ಬೇರೆ ಬೇರೆ ತಯಾರಕರ ಯಂತ್ರಗಳು ಪರಸ್ಪರ ಹೊಂದಿಕೊಳ್ಳಲೆಂದು 2003ರಲ್ಲಿ ಹುಟ್ಟಿದ ಈ ಸಂಸ್ಥೆ 2017ರಲ್ಲಿ ಮುಚ್ಚಿತು. ಆದರೂ ಅದರ ನಿಯಮವನ್ನು ಅನೇಕ ಟಿ.ವಿ.ಗಳು ಈಗಲೂ ಪಾಲಿಸುತ್ತವೆ. ನಿಮ್ಮ ಟಿ.ವಿ.ಯಲ್ಲಿ ಈ ಸೌಲಭ್ಯವಿಲ್ಲದಿದ್ದರೆ, ಆಂಡ್ರಾಯ್ಡ್ ಟಿ.ವಿ.ಗೆ ಉಚಿತವಾಗಿ ದೊರೆಯುವ ‘ವಿ.ಎಲ್.ಸಿ.’ ಎಂಬ ಆ್ಯಪನ್ನು ಹಾಕಿಕೊಂಡು ಅದರ ಮೂಲಕ ಜಾಲದಲ್ಲಿರುವ ಚಿತ್ರಗಳನ್ನು ನೋಡಬಹುದು.

ಡೇಟಾ ಎಷ್ಟು ಖರ್ಚಾಗುತ್ತದೆ?

ಅಂತರ್ಜಾಲದಿಂದಲೇ ನೇರವಾಗಿ ನೋಡುವವರು ಈ ಲೆಕ್ಕ ಹಾಕಿಕೊಳ್ಳಬೇಕು. ವೇಗವನ್ನು ಮೆಗಾಬಿಟ್‌ಗಳಲ್ಲಿ, ಖರ್ಚನ್ನು ಮೆಗಾಬೈಟ್‌ಗಳಲ್ಲಿ ಹೇಳುವುದು ವಾಡಿಕೆ. 8 ಬಿಟ್ ಸೇರಿದರೆ 1 ಬೈಟ್. ಉತ್ತಮ ದರ್ಜೆಯ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಬೇಕೆಂದು ಇಟ್ಟುಕೊಳ್ಳೋಣ. ಒಂದು ಗಂಟೆಯಲ್ಲಿ 3600 ಸೆಕೆಂಡು. 5ನ್ನು 3600ರಿಂದ ಗುಣಿಸಿ 8ರಿಂದ ಭಾಗಿಸಿದರೆ 2250 ಮೆಗಾಬೈಟ್, ಅಂದರೆ 2.25 ಜಿ.ಬಿ. ಆಗುತ್ತದೆ. ದಿನಕ್ಕೆ 2 ಜಿ.ಬಿ. ಮಿತಿಯ ಮೊಬೈಲ್ ಸಂಪರ್ಕವನ್ನು ಟಿ.ವಿ.ಗೆ ಕೊಟ್ಟರೆ ಸುಮಾರು 53 ನಿಮಿಷಕ್ಕೆ ಅದು ಮುಗಿಯುತ್ತದೆ.

ಚಿತ್ರದ ದರ್ಜೆಯನ್ನು ಇಳಿಸಿದರೆ ಖರ್ಚು ಇಳಿಯುತ್ತದೆ. ಸೆಕೆಂಡಿಗೆ 1 ಮೆಗಾಬಿಟ್‌ನಷ್ಟು ಸಾಧಾರಣ ದರ್ಜೆಯಾದರೆ ಗಂಟೆಗೆ 450 ಮೆಗಾಬೈಟ್ ಸಾಕು. ಉಳುಮೆ, ಬಿತ್ತನೆಯ ವಿಧಾನಗಳನ್ನು ನೋಡಲು ಇದು ನಡೆದೀತು. ಕೀಟ, ರೋಗಗಳ ಸೂಕ್ಷ್ಮ ಗುರುತುಗಳಿಗೆ ಮಾತ್ರ ಉತ್ತಮ ದರ್ಜೆಯೇ ಬೇಕು.

ಸಾಮಾನ್ಯ ತೊಂದರೆಗಳು ಮತ್ತು ಪರಿಹಾರ

ಟಿ.ವಿ.ಯಲ್ಲಿ ಲ್ಯಾಪ್‌ಟಾಪ್ ಕಾಣಿಸುತ್ತಿಲ್ಲ: ಎರಡೂ ಒಂದೇ ಜಾಲದಲ್ಲಿವೆಯೇ ಪರೀಕ್ಷಿಸಿ. ಪ್ರತಿಯೊಂದು ಯಂತ್ರಕ್ಕೂ ರೂಟರು 192.168.1.5 ಎಂಬಂತಹ ಒಂದು ವಿಳಾಸ ಕೊಟ್ಟಿರುತ್ತದೆ. ಸಾಮಾನ್ಯವಾಗಿ ಎರಡು ಯಂತ್ರಗಳ ವಿಳಾಸದ ಮೊದಲ ಮೂರು ಭಾಗಗಳು ಒಂದೇ ಆಗಿರಬೇಕು. ಸಂಪರ್ಕ ಕೊಟ್ಟವರ ಪೆಟ್ಟಿಗೆಯೊಂದು, ನೀವು ಕೊಂಡ ರೂಟರೊಂದು ಹೀಗೆ ಎರಡಿದ್ದು, ಟಿ.ವಿ. ಒಂದಕ್ಕೂ ಲ್ಯಾಪ್‌ಟಾಪ್ ಇನ್ನೊಂದಕ್ಕೂ ಸೇರಿದ್ದರೆ ಈ ತೊಂದರೆ ಬರುತ್ತದೆ. ಎರಡನ್ನೂ ಒಂದೇ ರೂಟರಿಗೆ ಸೇರಿಸಿ. ‘ಗೆಸ್ಟ್’ ಎಂಬ ಅತಿಥಿ ಜಾಲಕ್ಕೆ ಸೇರಿಸಿದರೂ ಯಂತ್ರಗಳು ಒಂದನ್ನೊಂದು ಕಾಣಲಾರವು.

ಧ್ವನಿಯಿದೆ, ಚಿತ್ರವಿಲ್ಲ: ಚಿತ್ರದ ನಮೂನೆ ಟಿ.ವಿ.ಗೆ ಒಗ್ಗಿಲ್ಲವೆಂದು ತಿಳಿಯಬೇಕು. ‘ಎಚ್.265’ ನಮೂನೆ ಹಳೆಯ ಟಿ.ವಿ.ಗಳಲ್ಲಿ ಮೂಡದಿರಬಹುದು. ‘ಎಂ.ಪಿ.4’ ಕಡತದಲ್ಲಿನ ‘ಎಚ್.264’ ನಮೂನೆ ಹೆಚ್ಚಿನ ಎಲ್ಲ ಟಿ.ವಿ.ಗಳಿಗೂ ಹೊಂದುತ್ತದೆ.

ಚಿತ್ರ ನಡುನಡುವೆ ನಿಲ್ಲುತ್ತದೆ: ಲ್ಯಾಪ್‌ಟಾಪಿನ ಚಿತ್ರವೇ ನಿಂತರೆ ದೋಷ ಮನೆಯ ವೈಫೈಯಲ್ಲಿದೆ, ರೂಟರನ್ನು ಹತ್ತಿರ ತನ್ನಿ, ಇಲ್ಲವೇ ಕೇಬಲ್ ಎಳೆಯಿರಿ. ಅಂತರ್ಜಾಲದ ಚಿತ್ರ ಮಾತ್ರ ನಿಂತರೆ ದೋಷ ಹೊರಗಿನ ಸಂಪರ್ಕದಲ್ಲಿದೆ. ಬಾವಿಯಲ್ಲಿ ನೀರಿಲ್ಲದಾಗ ಪೈಪು ಬದಲಿಸಿ ಫಲವಿಲ್ಲ.

ಏನೂ ಕೂಡಿಬರದಿದ್ದರೆ: ಪೆನ್ ಡ್ರೈವ್ ಒಂದರಲ್ಲಿ ಅದೇ ಚಿತ್ರವನ್ನು ತುಂಬಿಟ್ಟುಕೊಂಡಿರಿ. ‘ಫ್ಯಾಟ್ 32’ ನಮೂನೆಯ ಪೆನ್ ಡ್ರೈವಿನಲ್ಲಿ 4 ಜಿ.ಬಿ.ಗಿಂತ ದೊಡ್ಡದಾದ ಒಂದೇ ಕಡತ ಹಿಡಿಸದು ಎಂಬುದು ನೆನಪಿರಲಿ.

ಮುನ್ನೆಚ್ಚರಿಕೆಗಳು

1. ಗುಡುಗು ಮಿಂಚು ಆರಂಭವಾಗುವ ಮೊದಲೇ ಟಿ.ವಿ. ಮತ್ತು ರೂಟರಿನ ಪ್ಲಗ್ಗುಗಳನ್ನೂ ಜಾಲದ ಕೇಬಲನ್ನೂ ಕಳಚಿ. ಗುಂಡಿ ಆರಿಸಿದರೆ ಸಾಲದು.
2. ಮನೆಯಿಂದ ಪಂಪ್‌ಮನೆಗೆ ಬಯಲಿನಲ್ಲಿ ತಾಮ್ರದ ಜಾಲ ಕೇಬಲ್ ಎಳೆಯಬೇಡಿ. ಅದು ಸಿಡಿಲಿನ ಆಘಾತವನ್ನು ಮನೆಯೊಳಗೆ ತರಬಲ್ಲದು.
3. ಅನೇಕ ರೂಟರುಗಳು 12 ವೋಲ್ಟಿನಲ್ಲಿ ನಡೆಯುತ್ತವೆ. ವಿದ್ಯುತ್ ಹೋದಾಗ ಬಳಸಲು ಚಿಕ್ಕ ಯು.ಪಿ.ಎಸ್. ಕೊಳ್ಳುವ ಮುನ್ನ ರೂಟರಿನ ಮೇಲಿನ ವೋಲ್ಟ್ ಮತ್ತು ಆಂಪಿಯರ್ ಓದಿಕೊಳ್ಳಿ.
4. ರೂಟರಿನೊಂದಿಗೆ ಬಂದ ಗುಪ್ತಪದವನ್ನು ಬದಲಾಯಿಸಿ. ಸಭೆಗೆ ಬಂದವರಿಗೆಲ್ಲ ಅದನ್ನು ಹಂಚುವುದು ಬೇಡ.
5. ಇತರರು ತಯಾರಿಸಿದ ಚಿತ್ರಗಳನ್ನು ಅವರ ಅನುಮತಿಯಿಲ್ಲದೆ ನಕಲು ಮಾಡಬಾರದು.

ವಿಸ್ತರಣಾ ಕಾರ್ಯಕರ್ತರಿಗೆ

ಸಭೆಗೆ ಒಂದು ಗಂಟೆ ಮೊದಲೇ ಹೋಗಿ, ಹೊರಗಿನ ಸಂಪರ್ಕವನ್ನು ಬೇಕೆಂದೇ ಕಳಚಿ, ಚಿತ್ರ ಕೊನೆಯತನಕ ಓಡುತ್ತದೆಯೇ ಪರೀಕ್ಷಿಸಿ. ಮೊಬೈಲಿನಿಂದ ಟಿ.ವಿ.ಗೆ ಕಳಿಸುವ ಕೆಲವು ವಿಧಾನಗಳಿಗೆ ಅಂತರ್ಜಾಲವೂ ಬೇಕಾಗುವುದರಿಂದ ಈ ಪರೀಕ್ಷೆ ಅಗತ್ಯ. ಚಿತ್ರ ಹತ್ತು ನಿಮಿಷ ಮೀರದಿರಲಿ. ಮುಖ್ಯ ಜಾಗಗಳಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಿ. ಸೈನಿಕ ಹುಳುವಿನ ಚಿತ್ರವಾದರೆ ತಲೆಯ ಮೇಲಿನ ಗೆರೆಯಲ್ಲಿ ಒಮ್ಮೆ, ಹಿಂಬದಿಯಲ್ಲಿ ಚೌಕಾಕಾರವಾಗಿರುವ ನಾಲ್ಕು ಕಪ್ಪು ಚುಕ್ಕೆಗಳಲ್ಲಿ ಇನ್ನೊಮ್ಮೆ ನಿಲ್ಲಿಸಬೇಕು. ಮರುದಿನ ಬೆಳಿಗ್ಗೆ ಅದೇ ರೈತರೊಡನೆ ಹೊಲಕ್ಕೆ ಹೋಗಿ ಸುಳಿ ಬಿಡಿಸಿ ನೋಡಬೇಕು.

ಟಿ.ವಿ.ಯಲ್ಲಿ ಕಂಡ ಹುಳುವನ್ನು ರೈತನು ತನ್ನ ಹೊಲದಲ್ಲಿ, ತನ್ನ ಕಣ್ಣಿನಿಂದಲೇ, ಸಕಾಲದಲ್ಲಿ ಗುರುತಿಸಿದರೆ ಈ ಜೋಡಣೆಗೆ ಪಟ್ಟ ಶ್ರಮ ಸಾರ್ಥಕವಾದಂತೆ.