ಸೀನಿನ ಪೂರ್ವಕಥೆ

ಹುಲ್ಲು ಹೂಬಿಡುವ ಕಾಲ ಬಂದೊಡನೆ ಕೆಲವರಿಗೆ ಸೀನಿನ ಕಾಟ ತೊಡಗುತ್ತದೆ. ಮೂಗು ಸೋರುತ್ತದೆ, ಕಣ್ಣುಗಳಲ್ಲಿ ನವೆ ಏಳುತ್ತದೆ. ಅದೇ ಗಾಳಿಯನ್ನು ಸೇವಿಸುವ ನೆರೆಯವರಿಗೆ ಯಾವ ತೊಂದರೆಯೂ ಇರದು. ಒಂದೇ ಮನೆಯ ತಂದೆಯನ್ನೂ ಮಗಳನ್ನೂ ಈ ಬಾಧೆ ಕಾಡುವುದುಂಟು. ಇದರ ಮೂಲವೆಲ್ಲಿ?

ಇಂಗ್ಲೆಂಡಿನ ವೈದ್ಯ ಜಾನ್ ಬೋಸ್ಟಾಕ್ ಪ್ರತಿ ಬೇಸಿಗೆಯಲ್ಲಿಯೂ ತನ್ನನ್ನು ಪೀಡಿಸುತ್ತಿದ್ದ ಈ ಬೇನೆಯನ್ನು 1819ರಲ್ಲಿ ವಿವರಿಸಿದನು. ಅದಕ್ಕೆ ಪರಾಗವೇ ಕಾರಣವೆಂಬುದನ್ನು ಚಾರ್ಲ್ಸ್ ಬ್ಲ್ಯಾಕ್ಲಿ ತನ್ನ ಮೇಲೆಯೇ ಪ್ರಯೋಗಗಳನ್ನು ನಡೆಸಿ, 1873ರಲ್ಲಿ ಪ್ರಕಟಿಸಿದನು. ಪರಾಗವು ವಿಷವೇನೂ ಅಲ್ಲ. ಆದರೆ ಅಲರ್ಜಿಯುಳ್ಳವರ ಶರೀರವು ಅದನ್ನು ಶತ್ರುವೆಂದು ಬಗೆದು, ಅದರ ವಿರುದ್ಧ ಪ್ರತಿಕಾಯಗಳೆಂಬ ವಸ್ತುಗಳನ್ನು ಸಿದ್ಧಪಡಿಸುತ್ತದೆ. ಪರಾಗವು ಮತ್ತೆ ಮೂಗನ್ನು ಸೋಕಿದಾಗ ಅಲ್ಲಿಯ ಕೆಲವು ಜೀವಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಚೆಲ್ಲುತ್ತವೆ. ಸೀನು, ನವೆ, ಸೋರಿಕೆಗಳು ಅದರ ಫಲ. ರೋಗಾಣುಗಳನ್ನು ತಡೆಯಬೇಕಾದ ಸೈನ್ಯವು ನಿರಪರಾಧಿಯ ಮೇಲೆ ಎರಗಿದಂತಾಯಿತು.

ಈ ಸೈನ್ಯಕ್ಕೆ ಕಾವಲುಗಾರರೂ ಉಂಟು. ನಮ್ಮ ನಾಲ್ಕನೆಯ ವರ್ಣತಂತುವಿನಲ್ಲಿ ಟಿಎಲ್‌ಆರ್ 1, 6 ಮತ್ತು 10 ಎಂಬ ಮೂರು ಜೀನುಗಳು ಅಕ್ಕಪಕ್ಕದಲ್ಲಿಯೇ ಇವೆ. ಇವು ರೂಪಿಸುವ ಪ್ರೋಟೀನುಗಳು ಬ್ಯಾಕ್ಟೀರಿಯ ಮೊದಲಾದ ರೋಗಾಣುಗಳ ಗುರುತು ಹಿಡಿದು ಶರೀರವನ್ನು ಎಚ್ಚರಿಸುತ್ತವೆ.

ಈ ಜೀನುಗಳ ಕೆಲವು ರೂಪಗಳು ಬಹು ಪುರಾತನವಾದುವು. ನಿಯಾಂಡರ್ತಾಲ್ ಮಾನವರು ಯೂರೋಪು ಮತ್ತು ಪಶ್ಚಿಮ ಏಷ್ಯಗಳಲ್ಲಿ ಲಕ್ಷಾಂತರ ವರ್ಷ ಬಾಳಿ, ಅಲ್ಲಿಯ ರೋಗಾಣುಗಳನ್ನು ಎದುರಿಸಲು ಶಕ್ತರಾಗಿದ್ದರು. ಆಫ್ರಿಕದಿಂದ ಹೊರಟುಬಂದ ನಮ್ಮ ಪೂರ್ವಿಕರು ಸುಮಾರು 50,000 ವರ್ಷಗಳ ಹಿಂದೆ ಅವರೊಡನೆ ಬೆರೆತರು. ಅವರಿಂದ ಬಂದ ಆನುವಂಶಿಕ ಅಂಶಗಳು ಭಾರತೀಯರೂ ಸೇರಿದಂತೆ ಅನೇಕ ಜನಾಂಗಗಳಲ್ಲಿ ಇಂದಿಗೂ ಉಳಿದಿವೆ. ಜರ್ಮನಿಯ ಲೈಪ್‌ಜಿಗ್ ನಗರದ ಮಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಗಮನಾರ್ಹವಾಗಿದೆ. ಟಿಎಲ್‌ಆರ್ ಜೀನುಗಳ ಪ್ರಾಚೀನ ರೂಪಗಳನ್ನು ಪಡೆದವರಲ್ಲಿ, ಜಠರದ ಹುಣ್ಣಿಗೆ ಕಾರಣವಾಗುವ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯದ ಸೋಂಕು ಕಡಮೆಯಾಗಿತ್ತು; ಅಲರ್ಜಿಯ ಸಂಭವವಾದರೋ ಹೆಚ್ಚಾಗಿತ್ತು.

ಔಷಧಗಳಿಲ್ಲದ ಕಾಲದಲ್ಲಿ ಚುರುಕಾದ ಕಾವಲು ಅನೇಕರ ಪ್ರಾಣವನ್ನು ಉಳಿಸಿರಬೇಕು. ಅದೇ ಚುರುಕು ಇಂದು ಪರಾಗವನ್ನೂ ಸಂಶಯದಿಂದ ಕಾಣುತ್ತದೆ. ಹಾಗೆಂದು ಜೀನನ್ನು ವಿಧಿಯೆಂದು ತಿಳಿಯಬಾರದು. ಅದು ಕೊಡುವುದು ಒಲವನ್ನು ಮಾತ್ರ. ಸುತ್ತಣ ಗಾಳಿ, ಧೂಳು, ಪರಿಸರಗಳೂ ಅದರೊಡನೆ ಕೂಡಬೇಕು. ಇಂತಹ ಜೀನುಳ್ಳವರೆಲ್ಲರೂ ಸೀನುವುದಿಲ್ಲ. ಆದುದರಿಂದ ಸದಾ ಸೀನುವ ಸಹಪಾಠಿಯನ್ನು ದುರ್ಬಲನೆಂದು ಹಾಸ್ಯ ಮಾಡುವುದು ತರವಲ್ಲ. ಪೂರ್ವಿಕರನ್ನು ಕಾಪಾಡಿದ ಎಚ್ಚರವೇ ಅವನನ್ನು ಪೀಡಿಸುತ್ತಿರಬಹುದು.